ಕಥಿ ಓದಿದ ಮ್ಯಾಲ ನಕಲು ಯಾಕ್ರಿ?

ನೋಡ್ರಿ ಅಕ್ಕಾರ, ಸಣ್ಣ ಸಾಲಿನ ಚಿತ್ರದ ಕಥಿ ಪುಸ್ತಕ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಾಗ 2015ರಿಂದ ಪುಕ್ಕಟೆ ಅದಾವ. ಬರದೋರ ಹೆಸರು ಹಾಕಿ, ತಿದ್ದಿ ನಮ್ಮ ಕಥಿ ಮಾಡ್ಕೋಳಾಕೂ ಪರವಾನಗಿ ಐತಿ! ಕ್ಲಾಸಿನಾಗ ಆಗೋದೇನು? ಕಥಿ ಓದ್ಸಿ, ಬೋರ್ಡಿನ ಉತ್ತರ ಇಳಿಸ್ಕೊಳ್ರಿ ಅಂತಾರ. ಅದು ಬರವಣಿಗಿ ಅಲ್ಲ, ಗುಮಾಸ್ತರ ಕೆಲಸ.

ಕುರುಗೋಡಿನ ಹುಡುಗಿ ದೊಡ್ಡಬಸವಣ್ಣ ರಾತ್ರಿ ಎದ್ದು ಎಲ್ಲಿಗೆ ಹೋದ ಅಂತ ಬರೀಲಿ. ಸಿರುಗುಪ್ಪದಾಕಿ ಭತ್ತದ ಗದ್ದಿಗೆ ಬಂದ ಕೊಕ್ಕರಿ ಕಥಿ ಬರೀಲಿ. 'ಐತಿ' ಅಂತ ಬರದ್ರ ಕೆಂಪು ಗೀಟು ಯಾಕ? ಮೊದ್ಲು ನಾಕು ಸಾಲು ಹುಟ್ಲಿ, 'ಇದೆ' ಆಮ್ಯಾಲ ಕಲಿಸಿದ್ರಾತು.

ಸರಳ ಪುಸ್ತಕದಿಂದ ಭಾಷೆ ಬಡವಾಗ್ತೈತಿ ಅಂತಾರ ಕೆಲವರು. ಎಲ್ಲಿದ್ರಿ! ಸಣ್ಣ ಪುಸ್ತಕ ನೋಡಿದಾಗಲೇ ಕೂಸಿಗೆ 'ಇಷ್ಟು ನಾನೂ ಬರೀತೀನಿ' ಅನಿಸೋದು.

ಪಾಲಕರ ಸಭೆಯಾಗ ಮಾರ್ಕ್ಸ್ ಬಿಡ್ರಿ, ಮಗು ಸ್ವಂತ ಬರದ ಒಂದು ಪುಟ ತೋರಿಸ್ರಿ ಅಂತ ಕೇಳ್ರಿ.