ಸಂಕಮ್ಮನ ಕಥೆ ಹಾಡುವ ಗಂಡಸರಿಗೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದರು. ಸರಿಸಮಾನರಿಬ್ಬರ ಮುನಿಸಿಗೆ ಅದು ತಕ್ಕ ಮಾತು. ಸಾರಿಗೆ ಉಪ್ಪು ಹೆಚ್ಚಾಯಿತು, ಹಬ್ಬಕ್ಕೆ ಸೀರೆ ಬರಲಿಲ್ಲ ಎಂಬಂಥ ಜಗಳ ಉಂಡು ಮಲಗುವುದರೊಳಗೆ ತೀರುತ್ತದೆ, ತೀರಲೂ ಬೇಕು. ಆದರೆ ಪಕ್ಕದ ಮನೆಯಲ್ಲಿ ಹೆಂಗಸೊಬ್ಬಳು ಚೀರಿದಾಗ ನಾವು ಟೀವಿಯ ಸದ್ದು ಏರಿಸಿ ಇದೇ ಗಾದೆಯನ್ನು ನೆನೆದು ಮಗ್ಗುಲು ಬದಲಿಸುತ್ತೇವಲ್ಲ, ಆಗ ಹಿರಿಯರ ಮಾತು ನಮ್ಮ ಹೇಡಿತನಕ್ಕೆ ಹೊದಿಸಿದ ಕಂಬಳಿಯಾಗುತ್ತದೆ. ಉಂಡು ಮಲಗಿದ ಮೇಲೆ ಆ ಮನೆಯಲ್ಲಿ ಏನು ನಡೆಯುತ್ತದೆಂದು ಕೇಳುವವರಾರು?

ಈ ಪ್ರಶ್ನೆಯನ್ನು ಇಡೀ ನಾಡಿನ ಗಂಡಸರಿಗೆ ಕೇಳಬಹುದು. ಆದರೆ ಚಾಮರಾಜನಗರ, ಗುಂಡ್ಲುಪೇಟೆಯ ಗಂಡಸರಿಗೆ ಮೊದಲು ಕೇಳಬೇಕೆಂಬುದು ನನ್ನ ವಾದ. ಹೆಂಡತಿಯ ಮೇಲೆ ಗಂಡ ನಡೆಸುವ ದಬ್ಬಾಳಿಕೆಯ ಒಳಗುಟ್ಟನ್ನು ಇವರಷ್ಟು ವಿವರವಾಗಿ, ತಲೆಮಾರುಗಳಿಂದ, ರಾತ್ರಿಯೆಲ್ಲ ಎದ್ದು ಕುಳಿತು ಹಾಡಿದವರೂ ಕೇಳಿದವರೂ ವಿರಳ. ಮಲೆಯ ಮಾದೇಶ್ವರನ ಕಾವ್ಯವನ್ನು ಹಾಡಿಕೊಂಡು ಬಂದವರು ದೇವರಗುಡ್ಡರು. ಕಂಸಾಳೆ ಹಿಡಿದ ಗಂಡಸರು. ಅವರ ಹಾಡಿನಲ್ಲಿ ಜನ ಕಣ್ಣೀರಿಟ್ಟು ಕೇಳುವ ಭಾಗ ಸಂಕಮ್ಮನ ಸಾಲು. ಪಿ.ಕೆ. ರಾಜಶೇಖರರಂಥ ವಿದ್ವಾಂಸರು ಈ ಕಾವ್ಯವನ್ನು ಗಾಯಕರ ಬಾಯಿಂದ ಬರೆದುಕೊಂಡು ಅಚ್ಚು ಮಾಡಿಸಿದ್ದರಿಂದ ಪೇಟೆಯ ಓದುಗರಿಗೂ ಅದು ಎಟುಕಿದೆ.

ಗಾಯಕನಿಂದ ಗಾಯಕನಿಗೆ ವಿವರ ಬದಲಾದರೂ ಕಥೆಯ ತಿರುಳು ಒಂದೇ. ಸೋಲಿಗರ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ತಾನಿಲ್ಲದಾಗ ಪರಪುರುಷರನ್ನು ನೋಡುವುದಿಲ್ಲವೆಂದು ಹೆಂಡತಿ ಬಲಗೈ ಭಾಷೆ ಕೊಡಬೇಕೆಂದು ಹಟ ಹಿಡಿಯುತ್ತಾನೆ. ಸಂಕಮ್ಮ ಆ ಭಾಷೆ ಕೊಡಲೊಲ್ಲಳು. ನೀಲೇಗೌಡ ಹೊಡೆಯುತ್ತಾನೆ, ಹಿಂಸಿಸುತ್ತಾನೆ, ಕಡೆಗೆ ಅವಳನ್ನು ಗುಡಿಸಿಲಿನಲ್ಲಿ ಕೂಡಿಹಾಕಿ ಹೊರಟುಹೋಗುತ್ತಾನೆ. ಅವಳ ಮೊರೆ ಕೇಳಿ ಮಾದೇಶ್ವರ ಬಂದು ಬಿಡಿಸುತ್ತಾನೆ, ಸಂತಾನದ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ.

ಇದನ್ನು ಕಾಡಿನವರ ಕಥೆಯೆಂದು ಪೇಟೆಯವರು ಪಕ್ಕಕ್ಕಿಡಬೇಕಾಗಿಲ್ಲ. ಕಥೆಯ ಕ್ರಮವನ್ನಷ್ಟು ನೋಡಿ. ಏಟು ಮೊದಲು ಬೀಳಲಿಲ್ಲ. ಮೊದಲು ಬಂದದ್ದು ಸಂಶಯ. ಅದರ ಹಿಂದೆ ಆಣೆ. ಆಣೆಗೆ ಒಪ್ಪದಾಗ ಏಟು. ಏಟಿಗೂ ಬಗ್ಗದಾಗ ಬಾಗಿಲಿಗೆ ಕಟ್ಟು. ಹಿಂಸೆಯೆಂದರೆ ಮೈಮೇಲಿನ ಬಾಸುಂಡೆಯೆಂದು ತಿಳಿದವರಿಗೆ ಈ ಕ್ರಮ ಕಾಣುವುದಿಲ್ಲ. ಬಾಸುಂಡೆ ಏಳುವ ಎಷ್ಟೋ ಮೊದಲೇ ಹೆಣ್ಣಿನ ಸುತ್ತ ಬೇಲಿ ಎದ್ದಿರುತ್ತದೆ.

ಆ ಬೇಲಿಯ ಗೂಟಗಳು ಇಂದು ತಾರಸಿ ಮನೆಗಳಲ್ಲಿಯೂ ಇವೆ. ಹೆಂಡತಿಯ ಮೊಬೈಲನ್ನು ಪ್ರತಿದಿನ ತೆಗೆದು ನೋಡುವುದು. ಕರೆ ಮಾಡಿದಾಗ ಎರಡನೆಯ ಗಂಟೆಗೇ ಎತ್ತಬೇಕೆನ್ನುವುದು. ತವರಿಗೆ ಹೋಗಲು ಅಪ್ಪಣೆ, ಅಕ್ಕತಂಗಿಯರೊಡನೆ ಮಾತಾಡಲು ಅಪ್ಪಣೆ. ಸಂಬಳ ತರುವ ಶಿಕ್ಷಕಿಯ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ. ಚೆಂಡುಹೂವಿನ ಹೊಲದಲ್ಲಿ, ಅರಿಶಿನದ ಗದ್ದೆಯಲ್ಲಿ ದುಡಿದು ಬಂದವಳ ಕೂಲಿ ಸಂಜೆಯೊಳಗೆ ಯಾರ ಕೈಯಲ್ಲಿರುತ್ತದೆ? 2023ರ ಜೂನ್‌ನಿಂದ ಸರ್ಕಾರ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟಿತು. ಅದೇ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2000 ರೂಪಾಯಿ ಬಂದಿತು. ಟಿಕೆಟ್ಟಿಗೆ ದುಡ್ಡು ಬೇಡವೆಂದು ಸರ್ಕಾರ ಹೇಳಬಹುದು. ಬಸ್ಸು ಹತ್ತಲು ಗಂಡನ ಅಪ್ಪಣೆ ಬೇಡವೆಂದು ಹೇಳುವವರಾರು?

ಇಂಥ ಹಿಡಿತವನ್ನೇ ಅಪರಾಧವೆಂದು ಕರೆದ ಕಾನೂನು ಇಂಗ್ಲೆಂಡಿನಲ್ಲಿ 2015ರಲ್ಲಿ ಬಂದಿತು. ಐದು ವರ್ಷದವರೆಗೆ ಸೆರೆವಾಸವಿದೆ. ಅದನ್ನು ಕೇಳಿ ಬೆರಗಾಗುವ ನಮ್ಮವರು, ಅದಕ್ಕೆ ಹತ್ತು ವರ್ಷ ಮೊದಲೇ ನಮ್ಮ ಸಂಸತ್ತು ಏನು ಮಾಡಿತೆಂದು ಮರೆಯುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಹೊಡೆತ, ಲೈಂಗಿಕ ಹಿಂಸೆಗಳ ಜೊತೆಗೆ ಮಾತಿನಿಂದ ಮನಸ್ಸನ್ನು ನೋಯಿಸುವುದನ್ನೂ, ಹಣಕಾಸಿಗೆ ಅಡ್ಡ ನಿಲ್ಲುವುದನ್ನೂ ಅದು ದೌರ್ಜನ್ಯವೆಂದೇ ಎಣಿಸಿತು. ಗಂಡನ ಹೆಸರಿನ ಮನೆಯಾದರೂ ಅದರಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ ಎಂದಿತು. ಅಂದಮೇಲೆ ಕಾನೂನಿನ ಬಡತನ ನಮಗಿಲ್ಲ. ನಾಲಿಗೆಯ ಬಡತನ ಇದೆ.

ಅದು ಎಷ್ಟೆಂಬುದಕ್ಕೆ ಲೆಕ್ಕವೂ ಇದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆಂದು ಹೇಳಿದ ವಿವಾಹಿತ ಹೆಂಗಸರು ಕರ್ನಾಟಕದಲ್ಲಿ ಶೇಕಡ 44.4. ಭಾರತದ ಸರಾಸರಿ 29.3. ರಾಜ್ಯಗಳ ಸಾಲಿನಲ್ಲಿ ನಮ್ಮದೇ ಮೊದಲ ಸ್ಥಾನ. ಮಾತಿನ ಹಿಂಸೆ, ಹಣದ ಹಿಡಿತಗಳು ಈ ಎಣಿಕೆಯಲ್ಲಿ ಸೇರಿಲ್ಲ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರ ಪೈಕಿ ಶೇಕಡ 81.9 ಮಂದಿ, ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಗೆ ಹೊಡೆಯುವುದು ಸರಿಯೆಂದರು. ಅಡಿಗೆ ಕೆಟ್ಟರೆ, ಎದುರುತ್ತರ ಕೊಟ್ಟರೆ, ಹೇಳದೆ ಹೊರಗೆ ಹೋದರೆ, ಅತ್ತೆ ಮಾವಂದಿರಿಗೆ ಗೌರವ ತೋರದಿದ್ದರೆ ಎಂಬಿವೆಲ್ಲ ಆ ಕಾರಣಗಳು.

ಹೆಂಗಸರೇ ಒಪ್ಪಿದ್ದಾರಲ್ಲ ಎಂದು ತಕ್ಷಣ ಕೇಳುವವರಿದ್ದಾರೆ. ನಿಜ, ಹೆಂಗಸರಲ್ಲಿ ಶೇಕಡ 76.9 ಮಂದಿ ಹಾಗೆಯೇ ಹೇಳಿದರು. ಹುಟ್ಟಿದಂದಿನಿಂದ ಒಂದೇ ಪಾಠ ಒಪ್ಪಿಸಿದವರು ಅದನ್ನೇ ಹೇಳಿದರೆ ಆ ಪಾಠ ಧರ್ಮವಾಗುವುದೆ? ಈ ಜಿಲ್ಲೆಯ ಯಳಂದೂರಿನವಳೆನಿಸಿದ ಸಂಚಿಯ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ವೆಂದು ಪತಿವ್ರತೆಯ ನಡೆಯನ್ನೇ ಬರೆದಳು. ಬರೆಯುತ್ತ, ಹೆಣ್ಣನ್ನು ಹೀಗಳೆಯುವ ಗಂಡಸರಿಗೆ ತಿರುಗಿ ಪ್ರಶ್ನೆಯನ್ನೂ ಹಾಕಿದಳು.

ಎಲ್ಲ ಕುಡಿತದ ಪ್ರಭಾವ ಎನ್ನುವವರು ಇನ್ನೊಂದು ಪಂಗಡ. ಕುಡಿತ ಮನೆಗಳನ್ನು ಹಾಳುಮಾಡಿದೆ, ಸಂದೇಹವಿಲ್ಲ. ಆದರೆ ಕುಡಿದವನು ಬಸ್ ನಿಲ್ದಾಣದಲ್ಲಿ ಪೋಲೀಸಿನವನಿಗೆ ಕೈಮುಗಿಯುತ್ತಾನೆ, ಸಾಲ ಕೊಟ್ಟ ಸಾಹುಕಾರನ ಮುಂದೆ ತಲೆ ತಗ್ಗಿಸುತ್ತಾನೆ. ಮನೆಯ ಹೊಸಲು ದಾಟಿದ ಮೇಲೆ ಅವನಿಗೆ ಕೈ ಬರುತ್ತದೆ. ಯಾರಿಗೆ ಹೊಡೆಯಬಹುದೆಂಬ ವಿವೇಕ ಇಷ್ಟು ಚೆನ್ನಾಗಿ ಉಳಿದಿರುವವನನ್ನು ಅಮಲಿನವನೆಂದು ಬಿಟ್ಟುಬಿಡಲಾಗದು. ಇನ್ನು ಕಾನೂನಿನ ದುರುಪಯೋಗ, ಗಂಡಸರಿಗೂ ಹಿಂಸೆಯಿದೆ ಎಂಬ ಮಾತು. ಹಿಂಸೆಯುಂಡ ಗಂಡಸು ನಾಚದೆ ಹೇಳಿಕೊಳ್ಳಲಿ, ನಾವು ಕೇಳೋಣ. ಸುಳ್ಳು ದೂರನ್ನು ನ್ಯಾಯಾಲಯ ಸೋಸಲಿ. ಆದರೆ ಹೆಂಗಸಿನ ನೋವಿನ ಸುದ್ದಿ ಬಂದಾಗ ಮಾತ್ರ ಈ ಮಾತು ನೆನಪಾಗುವವರಿಗೆ ಗಂಡಸರ ನೋವಿನ ಚಿಂತೆ ನಿಜವಾಗಿ ಇದೆಯೆಂದು ನಂಬುವುದು ಕಷ್ಟ.

ಗುಂಡ್ಲುಪೇಟೆಯ ಮತದಾರರು ಕೆ.ಎಸ್. ನಾಗರತ್ನಮ್ಮನವರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳುಹಿಸಿದರು. 1972ರಿಂದ 1978ರವರೆಗೆ ಆಕೆ ಸಭಾಧ್ಯಕ್ಷರಾಗಿದ್ದರು. ಆ ಪೀಠವನ್ನೇರಿದ ಮೊದಲ ಮಹಿಳೆ. ನಾಡಿನ ಶಾಸಕರೆಲ್ಲ ಮಾತಾಡಲು ಗುಂಡ್ಲುಪೇಟೆಯ ಹೆಣ್ಣುಮಗಳ ಅಪ್ಪಣೆಗೆ ಕಾದರು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಊರಿನಲ್ಲಿ, ಮನೆಯೊಳಗೆ ಹೆಣ್ಣು ಮಾತಾಡಲು ಯಾರ ಅಪ್ಪಣೆ ಬೇಕು?

ಗಂಡಸರು ಮಾತಾಡಬೇಕೆಂದರೆ ವೇದಿಕೆಯೇರಿ ಮಹಿಳಾ ದಿನದ ಭಾಷಣ ಮಾಡಬೇಕೆಂದಲ್ಲ. 1989ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಕಾಲೇಜೊಂದರಲ್ಲಿ ಬಂದೂಕುಧಾರಿಯೊಬ್ಬ 14 ಮಂದಿ ಹೆಂಗಸರನ್ನು ಕೊಂದ. ಎರಡು ವರ್ಷಗಳ ತರುವಾಯ ಅಲ್ಲಿನ ಗಂಡಸರು ಬಿಳಿ ಪಟ್ಟಿ ಧರಿಸಿ, ಹೆಂಗಸರ ಮೇಲಿನ ಹಿಂಸೆಯ ವಿಷಯದಲ್ಲಿ ಸುಮ್ಮನಿರುವುದಿಲ್ಲವೆಂದು ಹೊರಟರು. ನಮಗೆ ಪಟ್ಟಿ ಬೇಕಿಲ್ಲ. ಕ್ಷೌರದಂಗಡಿಯಲ್ಲಿ, ಟೀ ಅಂಗಡಿಯಲ್ಲಿ ‘ಹೆಂಡ್ತೀನ ಹದ್ದುಬಸ್ತಲ್ಲಿಟ್ಟಿದೀನಿ’ ಎಂದು ಒಬ್ಬ ಬೀಗಿದಾಗ ನಗದೆ, ‘ಅದೇನು ದೊಡ್ಡಸ್ತಿಕೆ ಕಣಪ್ಪ?’ ಎಂದು ಕೇಳಿದರೆ ಸಾಕು. ಹೆಂಗಸು ಹೇಳಿದರೆ ಜಗಳಗಂಟಿ ಎನ್ನುವ ಗಂಡ, ಜೊತೆಗಾರ ಹೇಳಿದರೆ ಕಿವಿಗೊಡುತ್ತಾನೆ. ನ್ಯಾಯ ಹೇಳಲು ಕುಳಿತ ಯಜಮಾನರು ಮೈ ಬಾತು ಬಂದ ಹುಡುಗಿಗೆ ‘ಹೊಂದ್ಕಂಡು ಹೋಗು ಕನವ್ವ’ ಎಂದು ಹೇಳಿ ಅದೇ ಮನೆಗೆ ಅಟ್ಟುವುದನ್ನು ಬಿಡಬೇಕು. ಮಗಳ ತಂದೆ, ನೆಂಟರ ಮಾತಿಗೆ ಅಂಜದೆ ಬಾಗಿಲು ತೆರೆದಿಡಬೇಕು.

ಇದಕ್ಕಿಂತ ಹೆಚ್ಚಿನದನ್ನೂ ಕಾನೂನು ನಮ್ಮ ಕೈಗೆ ಕೊಟ್ಟಿದೆ. 2005ರ ಕಾಯಿದೆಯ 4ನೆಯ ಕಲಮಿನಂತೆ, ದೌರ್ಜನ್ಯ ನಡೆದಿದೆಯೆಂದಾಗಲಿ ನಡೆಯಬಹುದೆಂದಾಗಲಿ ನಂಬಲು ಕಾರಣವಿರುವ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ನಂಬಿಕೆಯಿಂದ ತಿಳಿಸಿದವನ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು. ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕೆಲಸ ನೋಡುತ್ತಾರೆ. 181ಕ್ಕೋ, ಪ್ರಾಣಕ್ಕೆ ಕುತ್ತಿದ್ದರೆ 112ಕ್ಕೋ ಕರೆ ಮಾಡಬಹುದು. ಒಂದು ಎಚ್ಚರ ಮಾತ್ರ ಅಗತ್ಯ. ಪ್ರಾಣಾಪಾಯದ ಹೊತ್ತನ್ನು ಬಿಟ್ಟರೆ, ಏನು ಮಾಡಬೇಕೆಂದು ಮೊದಲು ಆ ಹೆಣ್ಣುಮಗಳನ್ನೇ, ಗಂಡನಿಲ್ಲದ ಹೊತ್ತಿನಲ್ಲಿ, ಕೇಳಬೇಕು. ಬೇಕಾದರೆ ಮನೆಯ ಹೆಂಗಸರ ಮೂಲಕ ಕೇಳಿಸಬೇಕು. ನಮ್ಮ ಶೌರ್ಯಪ್ರದರ್ಶನಕ್ಕೆ ರಾತ್ರಿ ಏಟು ತಿನ್ನುವವಳು ಅವಳು.

ದೇವರಗುಡ್ಡರಲ್ಲಿ ಒಂದು ಬಿನ್ನಹ. ಸಂಕಮ್ಮನ ಸಾಲನ್ನು ಹಾಡಿ ಮುಗಿಸಿದ ಮೇಲೆ, ಕಂಸಾಳೆ ಕೆಳಗಿಡುವ ಮೊದಲು, ಎದುರಿಗೆ ಕುಳಿತ ಗಂಡಸರನ್ನು ಒಂದು ಮಾತು ಕೇಳಿ: ನಿಮ್ಮ ಬೀದಿಯಲ್ಲಿ ಇಂಥ ಗುಡಿಸಿಲು ಎಷ್ಟಿವೆ? ನಿಮ್ಮ ಮಾತಿಗೆ ಈ ಸೀಮೆಯಲ್ಲಿರುವ ಬೆಲೆ ಪತ್ರಿಕೆಯ ಲೇಖನಕ್ಕಿಲ್ಲ. ಕೇಳುವವರಿಗೂ ಒಂದು ಮಾತು. ಸಂಕಮ್ಮನನ್ನು ಬಿಡಿಸಲು ಮಾದೇಶ್ವರನೇ ಬರಬೇಕಾಯಿತು. ಪಕ್ಕದ ಮನೆಯ ಬಾಗಿಲು ತಟ್ಟುವುದಕ್ಕೂ ಅವನೇ ಬೆಟ್ಟವಿಳಿದು ಬರಲೆಂದು ಕಾದು ಕೂರುವುದು ಭಕ್ತಿಯೆನಿಸದು.