ತಳದಲ್ಲಿ ಉಳಿಯುವ ಗಂಧ

ನಿತ್ಯಬಳಕೆಯ ಸುಗಂಧವನ್ನು ಮಾಲ್‌ಗಳಲ್ಲಿ ಕಾಗದದ ಪಟ್ಟಿಯ ಮೇಲೆ ಮೂಸಿ ಕೊಳ್ಳುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಕಾಗದಕ್ಕೆ ಮೈಯ ಬಿಸಿಯಿಲ್ಲ, ಬೆವರಿಲ್ಲ. ಚರ್ಮದ ಮೇಲೆ ನಿಂಬೆ, ಕಿತ್ತಳೆಗಳ ಹಗುರ ಪರಿಮಳ ಮೊದಲು ಹಾರಿಹೋಗುತ್ತದೆ; ಬಳಿಕ ಹೂವಿನದು ಅರಳುತ್ತದೆ; ಕೊನೆಗೆ ಉಳಿಯುವುದು ನಿಧಾನವಾಗಿ ಆವಿಯಾಗುವ ಗಂಧ, ಲಾವಂಚ, ರಾಳಗಳ ಪರಿಮಳ. ದೆಹಲಿಯ ಜೂನ್ ಬಿಸಿಲಿನಲ್ಲಿ ಮೊದಲೆರಡು ಬೇಗನೆ ತೀರುತ್ತವೆ. ಕಚೇರಿಯ ಮಧ್ಯಾಹ್ನಕ್ಕೆ ನಮ್ಮೊಡನಿರುವುದು ತಳದ್ದು ಮಾತ್ರ.

ಈ ಊರಿಗೆ ಇದು ಹೊಸ ತಿಳಿವಳಿಕೆಯಲ್ಲ. ಚಾಂದನಿ ಚೌಕದ ದರೀಬಾ ಕಲಾಂನಲ್ಲಿ ಗುಲಾಬ್ ಸಿಂಗ್ ಜೋಹರಿಮಲ್ ಅತ್ತರಿನ ಅಂಗಡಿ 1816ರಿಂದಲೂ ಇದೆ. ಅತ್ತರನ್ನು ಮುಂಗೈಗೆ ಹಚ್ಚಿ ನೋಡುವುದೇ ವಾಡಿಕೆ. ಕನೌಜಿನ ಸಾಂಪ್ರದಾಯಿಕ ಅತ್ತರಿನಲ್ಲಿ ಗುಲಾಬಿ, ಕೇದಗೆಗಳ ಆವಿಯನ್ನು ಹಿಡಿದಿಡುವುದು ಶ್ರೀಗಂಧದೆಣ್ಣೆ. ಮಹಾಯುದ್ಧದಿಂದ ಗಂಧದ ಕೊರಡುಗಳ ರಫ್ತಿಗೆ ಅಡ್ಡಿಯಾದಾಗ, 1916ರಲ್ಲಿ ಮೈಸೂರು ಸಂಸ್ಥಾನವು ಆ ಎಣ್ಣೆಯನ್ನು ತಾನೇ ತೆಗೆಯಲಾರಂಭಿಸಿತು.

ಈಗ ಗಂಧದೆಣ್ಣೆ ದುಬಾರಿ. ಅಗ್ಗದ ಅತ್ತರುಗಳಿಗೆ ಪ್ಯಾರಾಫಿನ್ ಎಣ್ಣೆಯೇ ತಳ. ಅದಕ್ಕೆ ತನ್ನದೆಂಬ ಪರಿಮಳವಿಲ್ಲ. ಹೂವು ಹೋದರೆ ಬರಿಯ ಜಿಡ್ಡು. ಆದ್ದರಿಂದ ನಾಡಿನಾಚೆಯ ನಾವು ಹೂವಿನ ಹೆಸರಿಗಿಂತ ಮೊದಲು ತಳ ಯಾವುದೆಂದು ಕೇಳೋಣ. ಹಚ್ಚಿಕೊಂಡು ಹೊರಟು, ಸಂಜೆಗೂ ಪರಿಮಳ ಉಳಿದಿದ್ದರೆ ಮರಳಿ ಬಂದು ಕೊಳ್ಳೋಣ.