ಕಾಲರಿನ ಒಳಗೆ ಬರಬೇಕಿದ್ದ ಹೆಸರುಗಳು

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರಿಗೆ,



ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೆಯ ಪತ್ರ. ಮೊದಲನೆಯದನ್ನು ಕಚೇರಿಯಲ್ಲಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬಂದಿದ್ದೆ. ಎರಡನೆಯದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ಮೂರನೆಯದನ್ನು ಕಾರ್ಯದರ್ಶಿಗಳ ಕೈಗೇ ಕೊಟ್ಟೆ. "ಸಾಹೇಬ್ರಿಗೆ ತಲುಪಿಸ್ತೀನಿ ಸಾರ್, ಯೋಚನೆ ಮಾಡಬೇಡಿ" ಅಂದರು. ಮಳೆಗಾಲ ಕಳೆದು ಲೀಗ್ ಶುರುವಾಯಿತು, ಉತ್ತರ ಬರಲಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಅಮೃತ ಮಹೋತ್ಸವದ ಜೆರ್ಸಿಯ ಕಥೆ ಗ್ಯಾಲರಿಯಲ್ಲಿ ಕೂರುವವರಿಗೆಲ್ಲ ಗೊತ್ತು. ಅಭಿಮಾನಿಗಳ ಸಭೆ, ನೀವು ತೋರಿಸಿದ ಮೂರು ವಿನ್ಯಾಸ, ನಾವು ಕೈಯೆತ್ತಿ ಹಾಕಿದ ಮತ, ಗೆದ್ದ ನೀಲಿ-ಬಿಳಿ ಪಟ್ಟೆ, ಕೊನೆಗೆ ಅಂಗಡಿಗೆ ಬಂದ ಯಾರೂ ಕಾಣದ ನಾಲ್ಕನೆಯ ವಿನ್ಯಾಸ. ನಮ್ಮ ಮತಕ್ಕೆ ಬೆಲೆ ಸಿಗಲಿಲ್ಲವೆಂಬ ನೋವನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಬೇರೆಯೇ ಇದೆ. ಅದೇ ಸಭೆಯಲ್ಲಿ ನೀವು ಎದ್ದು ನಿಂತು, ಈ ಕ್ಲಬ್ಬಿಗೆ ಆಡಿ ತೀರಿಹೋದ ಪ್ರತಿಯೊಬ್ಬರ ಹೆಸರನ್ನೂ ಜೆರ್ಸಿಯ ಒಳಮೈಯಲ್ಲಿ, ಕಾಲರಿನ ಕೆಳಗೆ ಅಚ್ಚು ಹಾಕಿಸುತ್ತೇನೆ ಎಂದಿರಿ. ಹೆಸರು ಕಲೆಹಾಕುವ ಕೆಲಸವನ್ನು ನಮಗೆ ಒಪ್ಪಿಸಿದಿರಿ. ನಾವು ಚಪ್ಪಾಳೆ ತಟ್ಟಿದೆವು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ.

ಆಮೇಲೆ ಏನಾಯಿತೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಾವು ನಾಲ್ಕು ಜನ ಎರಡು ತಿಂಗಳು ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಗೌತಮಪುರದ ಓಣಿಗಳಲ್ಲಿ ಮನೆ ಮನೆ ಹತ್ತಿ ಇಳಿದೆವು. ಗೌತಮಪುರವೆಂದರೆ ಅಂಬೇಡ್ಕರರ ಪ್ರತಿಮೆ ಇರುವಲ್ಲೇ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡ ಕೇರಿ. ಅಲ್ಲಿ ಆಟಗಾರರ ಹೆಸರು ಕೇಳಿದರೆ ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ, ಕಾಫಿ ಕೊಟ್ಟು ಕೂರಿಸುತ್ತಾರೆ. ತಮಿಳು ಮನೆಮಾತಿನವರು, ದಖನಿ ಉರ್ದುವಿನವರು, ತೆಲುಗರು, ಆಂಗ್ಲೋ ಇಂಡಿಯನ್ನರು. ಮೈದಾನದಲ್ಲಿ ಎಲ್ಲರೂ ಅಡ್ಡಹೆಸರಿನಿಂದಲೇ ಬದುಕಿದವರು. ನಿಜವಾದ ಹೆಸರು ಏನು, ಇನಿಶಿಯಲ್ ಏನು, ಕನ್ನಡದಲ್ಲಿ ಹೇಗೆ ಬರೆಯಬೇಕು ಎಂದು ರೇಷನ್ ಕಾರ್ಡು, ಶಾಲೆಯ ಟಿಸಿ, ಒಂದು ಕಡೆ ಸಮಾಧಿಯ ಕಲ್ಲನ್ನೂ ನೋಡಿ ಪಟ್ಟಿ ಮಾಡಿದೆವು. ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಸೈಕಲ್ ತುಳಿದುಕೊಂಡು ಮೈದಾನಕ್ಕೆ ಬರುತ್ತಿದ್ದ ನನ್ನ ತಂದೆಯ ಹೆಸರೂ ಆ ಪಟ್ಟಿಯಲ್ಲಿತ್ತು. ಸ್ವಂತಕ್ಕೆ ಕೇಳುತ್ತಿದ್ದಾನೆ ಎಂದು ಯಾರಾದರೂ ಅಂದರೆ ಅನ್ನಲಿ, ಹೌದು.

ಜೆರ್ಸಿ ಬಂತು. ಎದೆಯ ತುಂಬ ಪ್ರಾಯೋಜಕರ ಹೆಸರು, ತೋಳಿನ ಮೇಲೆ ಇನ್ನೊಬ್ಬ ಪ್ರಾಯೋಜಕರು. ನೀಲಿ ಎಲ್ಲೋ ಅಂಚಿಗೆ ಸರಿದಿತ್ತು. ಒಳಗೆ ತಿರುಗಿಸಿ ನೋಡಿದೆ. ಕಾಲರಿನ ಕೆಳಗೆ ಹೆಸರುಗಳು ಇರಬೇಕಾದಲ್ಲಿ ಒಗೆಯುವ ಸೂಚನೆ ಇತ್ತು.

ಹೊರಗಡೆ ಕನ್ನಡದಲ್ಲಿ ಒಂದೇ ಒಂದು ಪದ ಹಾಕಿಸಿದ್ದೀರಿ, 'ಎಪ್ಪತ್ತೈದು'. ಅದರ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು 'ಎಪ್‌ಪತ್‌ತೈದು' ಎಂದು ಅಚ್ಚಾಗಿದೆ. ಕನ್ನಡಕ್ಕೆ ಹೊಂದಿಸದ ಸಾಫ್ಟ್‌ವೇರಿನಲ್ಲಿ ಅಕ್ಷರ ಅಂಟಿಸಿದರೆ ಹೀಗಾಗುತ್ತದೆ. ಡಿಟಿಪಿ ಅಂಗಡಿಯ ಹುಡುಗನಿಗೆ ತೋರಿಸಿದ್ದರೂ ನಿಂತ ಕಾಲಲ್ಲಿ ಸರಿ ಮಾಡಿಕೊಡುತ್ತಿದ್ದ. ಅಚ್ಚಿಗೆ ಹೋಗುವ ಮುಂಚೆ ಕನ್ನಡ ಓದಬಲ್ಲ ಒಬ್ಬರೂ ಅದನ್ನು ನೋಡಲಿಲ್ಲವೆಂದರೆ ನಮ್ಮ ಪಟ್ಟಿಯನ್ನು ಯಾರು ಓದಿರುತ್ತಾರೆ?

ಹೆಸರು ಹಾಕುವುದು ಅಂಥ ದೊಡ್ಡ ಮಾತೇ ಎಂದು ನಿಮಗೆ ಅನಿಸಿರಬಹುದು. ಬ್ರಿಟಿಷ್ ಪಟಾಲಮ್ಮುಗಳು ತಮ್ಮದೆಂದುಕೊಂಡಿದ್ದ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಗೆದ್ದು ತಂದಿತು. ಆ ಹನ್ನೊಂದು ಜನರಲ್ಲಿ ಮೂವರ ಹೆಸರು ಹೇಳಬಲ್ಲವರು ಇಂದು ಈ ಊರಿನಲ್ಲಿ ಎಷ್ಟಿದ್ದಾರೆ? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಿನಲ್ಲೇ ಆಡಿದ ಭಾರತ ಫ್ರಾನ್ಸ್‌ಗೆ 1-2ರಲ್ಲಿ ಸೋತಿತು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಅದು. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿ ಎತ್ತಿದ ರಾಜ್ಯ, ಮತ್ತೆ ಅದನ್ನು ಮುಟ್ಟಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವಿನ ಐವತ್ತನಾಲ್ಕು ವರ್ಷ ಈ ಆಟ ಉಳಿದದ್ದು ಹೆಸರಿಲ್ಲದವರಿಂದ. ಅವರಲ್ಲಿ ಕೆಲವರ ಹೆಸರನ್ನಾದರೂ ಉಳಿಸೋಣ ಎಂದು ಹೊರಟವರು ನೀವೇ.

ಬೇರೆಯವರು ಹೇಗೆ ಮಾಡಿದ್ದಾರೆ ನೋಡಿ. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಎಂಟು ಆಟಗಾರರು ಸತ್ತರು. ಐವತ್ತು ವರ್ಷ ತುಂಬಿದಾಗ, 2008ರ ಫೆಬ್ರವರಿ 10ರಂದು, ಆ ತಂಡ 1958ರ ಮಾದರಿಯ ಸಾದಾ ಕೆಂಪು ಜೆರ್ಸಿ ತೊಟ್ಟು ಇಳಿಯಿತು. ಬೆನ್ನ ಮೇಲೆ 1ರಿಂದ 11, ಅಷ್ಟೇ. ಪ್ರಾಯೋಜಕರ ಹೆಸರಿಲ್ಲ, ಆಟಗಾರರ ಹೆಸರೂ ಇಲ್ಲ. ಎದುರಾಳಿ ಮ್ಯಾಂಚೆಸ್ಟರ್ ಸಿಟಿ ಕೂಡ ಆ ದಿನ ತನ್ನ ಪ್ರಾಯೋಜಕರ ಹೆಸರು ತೆಗೆದಿತ್ತು. ಅಷ್ಟು ದೊಡ್ಡ ವ್ಯಾಪಾರದ ಕ್ಲಬ್ಬುಗಳು ಒಂದು ದಿನದ ಮಟ್ಟಿಗೆ ಎದೆಯನ್ನು ಖಾಲಿ ಬಿಟ್ಟವು. ನಿಮ್ಮಿಂದ ಒಳಮೈಯ ಒಂದು ಗೇಣು ಬಟ್ಟೆ ಬಿಡಲಾಗಲಿಲ್ಲ.

ಅಭಿಮಾನಿಗಳು ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಾರೆ ಎಂದು ನಿಮ್ಮ ಸಮಿತಿಯವರೊಬ್ಬರು ಅಂದದ್ದು ನನ್ನ ಕಿವಿಗೆ ಬಿದ್ದಿದೆ. ಎಲ್ಲ ಕಡೆ ಹಾಗಾಗಿಲ್ಲ. ಕಾರ್ಡಿಫ್ ಸಿಟಿ ಕ್ಲಬ್ಬಿನ ಮಾಲೀಕರು 2012ರಲ್ಲಿ ನೀಲಿ ಜೆರ್ಸಿಯನ್ನು ಕೆಂಪು ಮಾಡಿದ್ದರು. ಜನ ಬಿಡಲಿಲ್ಲ, 2015ರ ಜನವರಿಯಲ್ಲಿ ನೀಲಿ ಮರಳಿತು. ಕೊಲ್ಕತ್ತಾದಲ್ಲಿ ಮೋಹನ್ ಬಗಾನ್ ಕ್ಲಬ್ಬಿನ ಹೆಸರಿನ ಮುಂದೆ 2020ರಲ್ಲಿ ಎಟಿಕೆ ಎಂಬ ಇನ್ನೊಂದು ಕ್ಲಬ್ಬಿನ ಹೆಸರು ಸೇರಿತು. ಹಸಿರು-ಮರೂನ್ ಬಣ್ಣ ಉಳಿಯಿತಾದರೂ ಅಭಿಮಾನಿಗಳಿಗೆ ಸಮಾಧಾನವಾಗಲಿಲ್ಲ, ಮೂರು ವರ್ಷ ಒಂದೇ ಮಾತು ಹಿಡಿದರು. 2023ರ ಮಾರ್ಚ್‌ನಲ್ಲಿ ಗೋವಾದಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮೂರಿನ ತಂಡವನ್ನೇ ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿದ ರಾತ್ರಿಯೇ ಎಟಿಕೆ ತೆಗೆಯುವುದಾಗಿ ಮಾಲೀಕರು ಸಾರಿದರು. ಆ ಸೋಲಿನ ಸಂಕಟದಲ್ಲೂ ಬಗಾನಿನ ಜನರ ಬಗ್ಗೆ ನನಗೆ ಗೌರವ ಹುಟ್ಟಿತು.

ಇಷ್ಟು ಬರೆಯುವಾಗ ಇನ್ನುಳಿದದ್ದೂ ನೆನಪಾಗುತ್ತದೆ. ವರ್ಷಕ್ಕೊಂದು ಹೊಸ ಜೆರ್ಸಿ ಯಾರಿಗಾಗಿ? ಮಕ್ಕಳ ಅಳತೆಗೂ ದೊಡ್ಡವರ ಬೆಲೆಯೇ ಏಕೆ? ಹೆಣ್ಣುಮಕ್ಕಳು ಅಷ್ಟು ಜನ ಗ್ಯಾಲರಿಗೆ ಬರುತ್ತಾರೆ, ಅವರ ಅಳತೆಯ ಒಂದು ಜೆರ್ಸಿಯೂ ಅಂಗಡಿಯಲ್ಲಿಲ್ಲ. ಎರಡು ಸಲ ಒಗೆದರೆ ಅಚ್ಚು ಸುಲಿಯುತ್ತದೆ. ಶೌಚಾಲಯಕ್ಕೆ ನೀರಿಲ್ಲ, ಟಿಕೆಟ್ ದರ ಏರುತ್ತಲೇ ಇದೆ. ಎಲ್ಲಕ್ಕೂ ನಮ್ಮನ್ನು ಕೇಳಿ ಎನ್ನುವುದಿಲ್ಲ. ಆದರೆ ಕೇಳಿದ ಮೇಲೆ, ನಾವು ಹೇಳಿದ ಮೇಲೆ, ನೀವು ಮೈಕಿನಲ್ಲಿ ಒಪ್ಪಿದ ಮೇಲೆ, ಅದನ್ನು ಕಸದ ಬುಟ್ಟಿಗೆ ಹಾಕುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ಕ್ಲಬ್ಬು ನಿಮ್ಮ ಕಚೇರಿಗಿಂತ ಹಳೆಯದು.

ಎರಡನೆಯ ಕಂತಿನ ಜೆರ್ಸಿ ಇನ್ನೂ ಅಚ್ಚಾಗಿಲ್ಲವೆಂದು ಕೇಳಿದ್ದೇನೆ. ಅದರಲ್ಲಿ ಹೆಸರುಗಳನ್ನು ಹಾಕಿಸಿ. ಈಗಾಗಲೇ ಕೊಂಡವರಿಗೆ ಹೆಸರು ಅಚ್ಚಾದ ಬಟ್ಟೆಯ ಪಟ್ಟಿಯೊಂದನ್ನಾದರೂ ಮಾಡಿಸಿಕೊಡಿ, ಕಾಲರಿನ ಒಳಗೆ ಹೊಲಿಸಿಕೊಳ್ಳುತ್ತೇವೆ. ಕನ್ನಡವನ್ನು ಸರಿಪಡಿಸಿ. ಅಚ್ಚಿಗೆ ಹೋಗುವ ಮುಂಚೆ ನನ್ನನ್ನು ಕರೆಯಿರಿ, ನಾನೇ ಬಂದು ಕೂತು ಪ್ರೂಫ್ ನೋಡಿಕೊಡುತ್ತೇನೆ.

ಅದಕ್ಕೂ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಹಳೆಯ ಜೆರ್ಸಿಯ ಪಟ್ಟೆಯ ಅಗಲ ತಿಳಿಯಲೆಂದು ಗೌತಮಪುರದ ಒಬ್ಬ ಅಜ್ಜಿಯಿಂದ ಅವರ ಗಂಡನ ಫೋಟೋ ಇಸಿದುಕೊಂಡು ನಿಮ್ಮ ಕಚೇರಿಗೆ ಕೊಟ್ಟಿದ್ದೆವು. ಗೋಲ್‌ಪೋಸ್ಟಿಗೆ ಒರಗಿ ನಿಂತಿರುವ ಆಟಗಾರ, ಕಪ್ಪು-ಬಿಳುಪು, ಹಿಂದೆ ಸ್ಟುಡಿಯೋದ ಮುದ್ರೆ ಇದೆ. ವಾರದಲ್ಲಿ ವಾಪಸ್ ಕೊಡುತ್ತೇವೆಂದು ಅವರಿಗೆ ಮಾತು ಕೊಟ್ಟವನು ನಾನು. ಆರು ತಿಂಗಳಾಯಿತು. ಅವರ ಓಣಿಯ ಮುಂದೆ ಹಾದುಹೋಗಲು ನನಗೆ ಮುಖವಿಲ್ಲ. ದಯವಿಟ್ಟು ಹುಡುಕಿಸಿ ಕೊಡಿ. ಅವರ ಬಳಿ ಬೇರೆ ಪ್ರತಿ ಇಲ್ಲ.

ಇಂತಿ,
ಆಸ್ಟಿನ್ ಟೌನಿನ ಒಬ್ಬ ಅಭಿಮಾನಿ